ಮೌಸ್ ಮಾವಂದಿರು

ನನಗೆ ಮೌಸ್ ಹಿಡಿಯಲು ಕಲಿಸಿದ ಪುಣ್ಯಾತ್ಮರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ನಮ್ಮ ಬೀದಿಯ ಈ ತುದಿಯಿಂದ ಆ ತುದಿ ಮುಟ್ಟುತ್ತದೆ. ಬಡಾಯಿ ಕೊಚ್ಚುತ್ತಿಲ್ಲ. ಮನುಷ್ಯರಾದವರು ಈಜು ಒಂದು ಸಲ ಕಲಿಯುತ್ತಾರೆ, ಸೈಕಲ್ ಒಂದು ಸಲ ಕಲಿಯುತ್ತಾರೆ. ನಾನು ಮಾತ್ರ ವರ್ಷವಿಡೀ, ಪ್ರತಿ ಬುಧವಾರ ಮತ್ತು ಶುಕ್ರವಾರ, ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತಿಗೆ, ಮೌಸ್ ಎಂದರೇನು ಎಂಬುದನ್ನು ಮೊದಲಿನಿಂದ ಕಲಿತಿದ್ದೇನೆ.

ಕಲಿಸಲು ಬರುತ್ತಿದ್ದವರು ಮೇಲಿನ ಮಹಡಿಗಳ ಕಂಪನಿ ನೌಕರರು. ನಾವು ಕೆಳಗಿನ ಮಹಡಿಯ ಗಾಜಿನ ಕೋಣೆಯಲ್ಲಿರುತ್ತಿದ್ದೆವು. ಹೊರಗೆ ‘ಹಿಂದುಳಿದ ಮನೆಗಳ ಯುವಜನರಿಗೆ ಉಚಿತ ತರಬೇತಿ’ ಎಂಬ ಬೋರ್ಡು. ಕಂಪನಿಯ ಸ್ವಂತ ಹೆಸರಿನ ಬೋರ್ಡಿಗಿಂತ ಅದೇ ದೊಡ್ಡದು. ಲಿಫ್ಟಿಗೆ ಕಾಯುವವರಿಗೆ ನಾವು ಮೂರು ಕಡೆಯಿಂದಲೂ ಕಾಣುತ್ತಿದ್ದೆವು, ಬೇಕರಿಯ ಗಾಜಿನ ಕಪಾಟಿನಲ್ಲಿಟ್ಟ ಬನ್ನುಗಳ ಹಾಗೆ. ಯಾರಾದರೂ ದೊಡ್ಡವರು ಬಂದರೆ ಮೊದಲು ನಮ್ಮನ್ನು ತೋರಿಸಿ ಆಮೇಲೆ ಅವರಿಗೆ ಚಹಾ ಕೊಡುತ್ತಿದ್ದರು.

ಈ ನೌಕರರಿಗೆ ವರ್ಷಕ್ಕೆ ಇಂತಿಷ್ಟು ‘ಸೇವಾ ಗಂಟೆ’ ಅಂತ ಕಡ್ಡಾಯ. ಬಡವರಿಗೆ ಏನಾದರೂ ಕಲಿಸಬೇಕು, ಇಲ್ಲದಿದ್ದರೆ ಬಡ್ತಿ ಇಲ್ಲ. ಬಡ್ತಿ ಎಂದರೆ ಯಾರಿಗೆ ಬೇಡ? ಓಡೋಡಿ ಬರುತ್ತಿದ್ದರು. ಬಂದವರ ಕೈಗೆ ಮುದ್ರಿಸಿದ ಒಂದು ಹಾಳೆ ಕೊಡುತ್ತಿದ್ದರು: ‘ಪಾಠ ಒಂದು, ಮೌಸ್ ಪರಿಚಯ’. ಪಾಠ ಎರಡು ತಯಾರಾಗುತ್ತಿದೆ ಎಂದು ತರಬೇತಿಯ ಉಸ್ತುವಾರಿ ನೋಡುವ ನಮ್ಮ ಮೇಡಂ ಹೇಳುತ್ತಿದ್ದರು. ನಾನು ಆ ಕಂಪನಿ ಬಿಡುವವರೆಗೂ ಅದು ತಯಾರಾಗುತ್ತಲೇ ಇತ್ತು.

ಹೀಗೆ ಬಂದ ಗಂಡಸರಿಗೆಲ್ಲ ನಾವು ಇಟ್ಟ ಹೆಸರು ಮೌಸ್ ಮಾವ, ಹೆಂಗಸರು ಬಂದರೆ ಮೌಸ್ ಅತ್ತೆ. ಎದುರಿಗೆ ಸರ್, ಮೇಡಂ, ತಾವು. ಇಲ್ಲಿ ಮಾತ್ರ ‘ಅವನು’ ಎನ್ನುತ್ತೇನೆ. ಕಥೆ ನನ್ನದು, ಬಾಯಿಯೂ ನನ್ನದೇ. ಪ್ರತಿ ಮಾವನೂ ಕುರ್ಚಿ ಎಳೆದುಕೊಂಡು ಕೂತು, ಮೌಸನ್ನು ನನ್ನ ಕಡೆ ತಳ್ಳಿ, “ಹೆದರ್ಬೇಡ, ಕಚ್ಚಲ್ಲ!” ಎಂದು ತಾನೇ ನಗುತ್ತಿದ್ದ. ಈ ಜೋಕು ಲೋಕದಲ್ಲಿ ತನಗೊಬ್ಬನಿಗೇ ಹೊಳೆದಿದೆ ಎಂಬ ಸಂತೋಷ ಅವನ ಮುಖದ ಮೇಲಿರುತ್ತಿತ್ತು. ನಾನೂ ನಗುತ್ತಿದ್ದೆ. ಹೊಸದಾಗಿ ಕೇಳಿದವಳ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆ.

ಮೊದಲ ಸಲ ಹಾಗೆ ನಗಲಿಲ್ಲ, ಅದನ್ನೂ ಹೇಳಬೇಕು. ಮೊದಲ ಬುಧವಾರ ಬಂದ ಸಣಕಲ ಮಾವನೊಬ್ಬ, “ಇದರ ಹೆಸರೇನು ಗೊತ್ತಾ?” ಎಂದಾಗ, “ಗೊತ್ತು ಸರ್, ನಾನು ಶಾಲೆಯಲ್ಲೇ ಕಲ್ತಿದೀನಿ” ಅಂದೆ. ಅವನ ಮುಖ ಒಡೆದ ಹಾಲಿನಂತಾಯಿತು. ಹಾಳೆಯನ್ನು ಮಡಿಸಿದ, ಬಿಚ್ಚಿದ, ಗಡಿಯಾರ ನೋಡಿದ. ಕೊನೆಗೆ ಎದ್ದುಹೋಗಿ ದೂರು ಕೊಟ್ಟ.

ಮೇಡಂ ನನ್ನನ್ನು ಕರೆದರು. ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಸದಾ ತಲೆಯನ್ನು ಒಂದು ಕಡೆಗೆ ವಾಲಿಸಿ, ಹುಬ್ಬು ಗಂಟಿಕ್ಕಿ, ‘ಅಯ್ಯೋ ಪಾಪ’ ಎಂಬಂತೆ ನೋಡುತ್ತಿದ್ದುದರಿಂದ ಅವರಿಗೆ ಕರುಣೆ ಮೇಡಂ ಎಂದೇ ಹೆಸರು.

“ನೋಡಮ್ಮ, ನೀನು ಜಾಣೆ. ನನಗೆ ಗೊತ್ತು. ಆದ್ರೆ ಸೇವಾ ಗಂಟೇಲಿ ‘ಗೊತ್ತು’ ಅನ್ನೋ ಮಾತು ಬೇಡ.”

“ಗೊತ್ತಿದ್ರೆ ಮೇಡಂ?”

“ಗೊತ್ತಿದ್ರೂ. ಅವ್ರು ಎಷ್ಟು ಪ್ರೀತಿಯಿಂದ ಬಂದಿರ್ತಾರೆ. ಕೊಡೋರ ಕೈ ಖಾಲಿ ಕಳಿಸಬಾರ್ದಮ್ಮ.”

ಕೇಳಿದಿರಾ? ಕೊಡುವವರ ಕೈ ಖಾಲಿ ಕಳಿಸಬಾರದಂತೆ! ಹುಟ್ಟಿದಾಗಿನಿಂದ ನಮ್ಮ ಕೈ ಖಾಲಿ ಇದ್ದದ್ದು ಯಾರ ತಲೆನೋವೂ ಆಗಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ನಮ್ಮದು ಕಂಪನಿಯ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ, ಇಸ್ತ್ರಿ ಅಂಗಡಿ. ಅಪ್ಪ ಇಲ್ಲ; ಅಮ್ಮ, ನಾನು, ಮೇಜು, ಇಸ್ತ್ರಿ ಪೆಟ್ಟಿಗೆ, ಇಷ್ಟೇ ಸಂಸಾರ. ಅಮ್ಮ ಕೆಲಸ ನಿಲ್ಲಿಸದೆಯೇ ಕೇಳಿಸಿಕೊಂಡು, “ಅವ್ರು ಹೇಳಿದ್ದು ಸರಿ ಇದೆ. ದೊಡ್ಡವರ ಮುಂದೆ ಸ್ವಲ್ಪ ದಡ್ಡಿ ಥರ ಇರು” ಅಂದಳು. “ನಾನೇನ್ ಮಾಡ್ತೀನಿ? ಗಿರಾಕಿ ಬಂದು ಕಾಲರ್‌ಗೆ ಹೇಗೆ ಇಸ್ತ್ರಿ ಹಾಕೋದು ಅಂತ ನನಗೇ ಪಾಠ ಹೇಳ್ತಾನೆ. ‘ಹೌದಾ ಸಾರ್, ನನಗೆ ಗೊತ್ತೇ ಇರ್ಲಿಲ್ಲ’ ಅಂತೀನಿ. ಅವನ ಬಟ್ಟೆ ಮತ್ತೆ ನಮ್ಮಂಗಡಿಗೇ ಬರುತ್ತೆ.”

“ನನ್ನ ಕೈಲಾಗಲ್ಲಮ್ಮ.”

“ಆಗಲ್ಲ ಅಂದ್ರೆ? ಮೂಗಿನ ತುದೀಲಿ ಕೋಪ ಇಟ್ಕೊಂಡು ಯಾರು ಉದ್ಧಾರ ಆಗಿದಾರೆ? ನಿನಗೆ ಬೇಕಾಗಿರೋದು ಕುರ್ಚಿ ತಾನೇ? ಅದು ಸಿಗೋವರೆಗೂ ಬಾಯಿಗೆ ಬೀಗ ಹಾಕ್ಕೋ.”

ಕುರ್ಚಿ ಎಂದರೆ ಮೇಲಿನ ಮಹಡಿಯದು. ತರಬೇತಿ ಮುಗಿದಾಗ ನಮ್ಮ ತಂಡದಲ್ಲಿ ಒಬ್ಬರಿಗೆ ಖಾಯಂ ಕೆಲಸ, ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ವಿಭಾಗದಲ್ಲಿ. ಆ ಕುರ್ಚಿ ನನಗೆ ಬೇಕಿತ್ತು. ಅಮ್ಮನ ಬಲಗೈ ಮಣಿಕಟ್ಟು ಆಗಲೇ ಬಾತುಕೊಂಡಿತ್ತು. ಭಾರ ಎತ್ತುವುದು ನಿಲ್ಲಿಸದಿದ್ದರೆ ಮುಂದೆ ಲೋಟ ಹಿಡಿಯುವುದಕ್ಕೂ ಆ ಕೈ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಮ್ಮ ಬಟ್ಟೆ ಸುತ್ತಿಕೊಂಡು ದುಡಿಯುತ್ತಿದ್ದಳು. ನಾನು ಪೆಟ್ಟಿಗೆ ಮುಟ್ಟಲು ಹೋದರೆ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು. “ಇದನ್ನ ಕಲ್ತೋರು ಇದನ್ನೇ ಮಾಡ್ತಾರೆ. ನೀನು ಓದು” ಎನ್ನುತ್ತಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಬೆಳೆದ ನನಗೆ ಒಂದು ಕರ್ಚೀಫಿಗೂ ಇಸ್ತ್ರಿ ಹಾಕಲು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕುರ್ಚಿ ಸಿಕ್ಕ ದಿನವೇ ಅಂಗಡಿಗೆ ಬೀಗ, ಕೈಗೆ ವಿಶ್ರಾಂತಿ, ಇದು ನಮ್ಮಿಬ್ಬರ ಒಪ್ಪಂದ.

ಸರಿ, ಬಾಯಿಗೆ ಬೀಗ ಹಾಕಿಕೊಂಡೆ.

ಬೆಳಗಿನ ಹೊತ್ತು ಮಾತ್ರ ನಿಜವಾದ ಪಾಠ ನಡೆಯುತ್ತಿತ್ತು. ಕಲಿಸುತ್ತಿದ್ದ ಮೇಷ್ಟ್ರು ಒಳ್ಳೆಯವರು. ಯಾರೂ ಒತ್ತದ ಕಡೆ ಒತ್ತಿ ನೋಡುವುದು, ಫೋನ್ ನಂಬರ್ ಬರೆಯುವ ಜಾಗದಲ್ಲಿ ಅಜ್ಜಿಯ ಹೆಸರು ಬರೆಯುವುದು, ಅರ್ಧ ಕೆಲಸದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರುವುದು, ಹೀಗೆ ಪ್ರೋಗ್ರಾಮನ್ನು ಪೀಡಿಸಿ ಪೀಡಿಸಿ ಅದರ ಹುಳುಕು ಹೊರತೆಗೆಯುವ ವಿದ್ಯೆ. ನನಗೆ ಅದು ಹಾಲು ಕುಡಿದಷ್ಟು ಸುಲಭವಾಗಿ ಬಂತು. ಮೊಸರಲ್ಲಿ ಕಲ್ಲು ಹುಡುಕುವುದು ನನ್ನ ಹುಟ್ಟುಗುಣ. ಅದಕ್ಕೂ ಸಂಬಳ ಕೊಡುತ್ತಾರೆ ಎಂದು ತಿಳಿದ ದಿನ ನಾನು ಹಿಗ್ಗಿದ್ದು ಇಷ್ಟಷ್ಟಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಕೂತು ಗುಂಡನಿಗೂ ಹೇಳಿಕೊಡುತ್ತಿದ್ದೆ.

ಗುಂಡ ನನ್ನ ಪಕ್ಕದ ಕುರ್ಚಿಯವನು. ದುಂಡು ಮುಖ, ದುಂಡು ಹೊಟ್ಟೆ, ನನ್ನನ್ನು ಅಕ್ಕ ಎನ್ನುತ್ತಿದ್ದ. ದಡ್ಡನಲ್ಲ, ಆದರೆ ಒಂದು ವಿಷಯ ತಲೆಗೆ ಹೋಗಲು ಅದಕ್ಕೆ ಕೈ ಹಿಡಿದು ದಾರಿ ತೋರಿಸಬೇಕು. ಅವನ ಕಷ್ಟವೆಂದರೆ ನಗು. ಮಾವಂದಿರು “ಕಚ್ಚಲ್ಲ” ಅನ್ನುವ ಮೊದಲೇ ಅವನಿಗೆ ನಗು ಉಕ್ಕಿ ಮೂಗಿನಿಂದ ಸದ್ದು ಬರುತ್ತಿತ್ತು. ಅದಕ್ಕೇ ಸೇವಾ ಗಂಟೆ ಬಂತೆಂದರೆ, “ಮೇಡಂ, ಹೊಟ್ಟೆ ಸರಿ ಇಲ್ಲ” ಎಂದು ಶೌಚಾಲಯಕ್ಕೆ ಹೋಗಿ ಕೂತುಬಿಡುತ್ತಿದ್ದ. ವರ್ಷವಿಡೀ ಅವನ ಹೊಟ್ಟೆ ಬುಧವಾರ ಮತ್ತು ಶುಕ್ರವಾರ ತಪ್ಪದೆ ಕೆಟ್ಟಿತು. ಯಾವ ಮಾವನೂ ಅವನನ್ನು ನೋಡಿರಲಿಲ್ಲ.

ನನ್ನನ್ನು ಎಲ್ಲರೂ ನೋಡಿದ್ದರು. ಎಲ್ಲರಿಗಿಂತ ಹೆಚ್ಚು ನೋಡಿದವನು ದೊಡ್ಡಮಾವ.

ದೊಡ್ಡಮಾವ ಅಂದರೆ ತಪ್ಪು ಹುಡುಕುವ ವಿಭಾಗದ ಮ್ಯಾನೇಜರು. ಕುರ್ಚಿ ಯಾರಿಗೆ ಎಂದು ನಿರ್ಧರಿಸುವವನು ಅವನೇ. ಅವನು ಬರುತ್ತಾನೆಂದು ತಿಳಿದ ದಿನ ಕರುಣೆ ಮೇಡಂ ನನ್ನ ಕಿವಿಯಲ್ಲಿ, “ಇವ್ರು ದೊಡ್ಡವ್ರಮ್ಮ, ಚೆನ್ನಾಗಿ ನೋಡ್ಕೋ” ಅಂದರು. ಚೆನ್ನಾಗಿಯೇ ನೋಡಿಕೊಂಡೆ. ಮೌಸನ್ನು ತಲೆಕೆಳಗಾಗಿ ಹಿಡಿದೆ. ಪರದೆಯ ಮೇಲೆ ಬಾಣದ ಗುರುತು ಓಡಿದಾಗ ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡೆ. ಗಂಟೆ ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ಕಡೆ ಒತ್ತಿ, “ಬಂತು ಸರ್!” ಎಂದು ಕಣ್ಣು ತುಂಬಿಕೊಂಡೆ. ದೊಡ್ಡಮಾವನ ಕಣ್ಣಲ್ಲೂ ನೀರು! ಕನ್ನಡಕ ತೆಗೆದು ಒರೆಸಿಕೊಂಡ. ಕೆಟ್ಟವನಲ್ಲ, ಅದೇ ದೊಡ್ಡ ಪೀಡೆ. ಕೆಟ್ಟವನಾಗಿದ್ದರೆ ಒಂದೇ ಸಲಕ್ಕೆ ಮುಗಿಸಿ ಹೋಗುತ್ತಿದ್ದ. ಇವನು ಮತ್ತೆ ಮತ್ತೆ ಬಂದ. ಪ್ರತಿ ಸಲ ನಾನು ಹಿಂದಿನದನ್ನು ಮರೆತಿರುತ್ತಿದ್ದೆ, ಪ್ರತಿ ಸಲ ಅವನು ತಾಳ್ಮೆಯಿಂದ ಮೊದಲಿನಿಂದ ಶುರು ಮಾಡುತ್ತಿದ್ದ. ಆ ತಾಳ್ಮೆಗೆ ಕಂಪನಿ ಅವನಿಗೆ ‘ಶ್ರೇಷ್ಠ ಮಾರ್ಗದರ್ಶಿ’ ಎಂಬ ಫಲಕ ಕೊಟ್ಟಿತು. ಫಲಕದ ಮೇಲೆ ನನ್ನ ಫೋಟೋ. ಮೌಸ್ ಮೇಲೆ ನನ್ನ ಕೈ, ಪಕ್ಕದಲ್ಲಿ ದಾರಿ ತೋರಿಸುವ ಅವನ ಬೆರಳು.

ಗುಂಡ ಆ ಫೋಟೋ ನೋಡಿ, “ಅಕ್ಕಾ, ನಿಮ್ಮನ್ನ ನೋಡಿದ್ರೆ ನನಗೇ ಅಯ್ಯೋ ಅನ್ಸುತ್ತೆ” ಅಂದ.

“ಮುಚ್ಕೊಂಡು ಪಾಠ ಓದ್ಕೋ” ಅಂದೆ.

ತರಬೇತಿ ಮುಗಿಯಿತು, ಪರೀಕ್ಷೆ ಬಂತು. ತಪ್ಪುಗಳಿರುವ ಒಂದು ಪ್ರೋಗ್ರಾಮು ಕೊಟ್ಟು ಹುಡುಕಿ ಎಂದರು. ಹುಡುಕಿದೆ. ಹಸಿದವಳಿಗೆ ಎಲೆ ಹಾಕಿ ಬಡಿಸಿದ ಹಾಗಾಗಿತ್ತು ನನಗೆ. ನಮ್ಮ ತಂಡದಲ್ಲೆಲ್ಲ ನಾನೇ ಮೊದಲು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದಾಗ ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಅಂಗಡಿಯ ಬೀಗ ಹುಡುಕಿ ತೆಗೆದು, ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟಳು.

ಮರುದಿನ ಸಂದರ್ಶನ. ದೊಡ್ಡಮಾವನ ಮೇಜಿನ ಮೇಲೆ ನಾನಿದ್ದ ಫಲಕ, ಪಕ್ಕದಲ್ಲಿ ಕರುಣೆ ಮೇಡಂ, ಬಾಗಿಲ ಬಳಿ ಮೇಷ್ಟ್ರು.

“ಬಾಮ್ಮ, ಬಾ! ನನ್ನ ಶಿಷ್ಯೆ!” ಎಂದ ದೊಡ್ಡಮಾವ. ಆಮೇಲೆ ಪರದೆಯ ಮೇಲಿದ್ದ ನನ್ನ ಪರೀಕ್ಷೆ ನೋಡುತ್ತ ನೋಡುತ್ತ ಅವನ ನಗು ಇಳಿಯಿತು. “ಇದೆಲ್ಲ ನೀನೇ ಹುಡುಕಿದ್ದಾ?”

“ಹೌದು ಸರ್.”

“ಭಯ ಪಡ್ಬೇಡ. ನಿಜ ಹೇಳು. ಯಾರು ಹೇಳ್ಕೊಟ್ರು?”

“ಮೇಷ್ಟ್ರು ಕಲಿಸಿದ್ರು, ನಾನು ಹುಡುಕಿದೆ.”

“ಅಲ್ಲಮ್ಮ, ಹೋದ ತಿಂಗಳು ನೀನು ಮೌಸ್‌ನ ತಲೆಕೆಳಗೆ ಹಿಡ್ದಿದ್ದೆ. ನಾನು ಕಣ್ಣಾರೆ ನೋಡಿದೀನಿ.”

“ಅದು ಬೇಕಂತಲೇ ಹಿಡ್ದಿದ್ದು ಸರ್.”

“ಬೇಕಂತ ಅಂದ್ರೆ?”

ಬೇರೆ ದಾರಿ ಇರಲಿಲ್ಲ. “ನಾಟಕ ಸರ್. ನಿಮಗೆ ಖುಷಿ ಆಗ್ಲಿ ಅಂತ. ಹಾಗೆ ಮಾಡು ಅಂತ ಮೇಡಂ ಹೇಳಿದ್ರು.”

ಅವನು ಮೇಡಂ ಕಡೆ ತಿರುಗಿದ. ಮೇಡಂ ತಲೆ ಇನ್ನಷ್ಟು ವಾಲಿತು. “ಛೆ ಛೆ, ಎಲ್ಲಾದ್ರೂ ಉಂಟಾ? ಪಾಪ, ಗಾಬರಿ ಆಗಿದೆ ಅವಳಿಗೆ. ಮನೆ ಕಷ್ಟ ಬೇರೆ.”

“ಮೇಷ್ಟ್ರೇ, ನೀವೇನಂತೀರಿ?”

ಮೇಷ್ಟ್ರು ನನ್ನ ಕಡೆ ನೋಡಿದರು, ಮೇಡಂ ಕಡೆ ನೋಡಿದರು, ಕೊನೆಗೆ ತಮ್ಮ ಶೂ ನೋಡಿಕೊಂಡರು. “ಹುಡುಗಿ... ತುಂಬ ಶ್ರಮ ಪಡ್ತಾಳೆ ಸರ್.” ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಮೇಷ್ಟ್ರ ಮೇಲೆ ನನಗಿದ್ದ ಗೌರವ ಅವರ ಶೂ ಮೇಲೇ ಬಿದ್ದುಹೋಯಿತು.

“ಸರ್, ಈಗಲೇ ಇನ್ನೊಂದು ಪ್ರೋಗ್ರಾಮು ಕೊಡಿ. ನಿಮ್ಮ ಕಣ್ಣೆದುರಿಗೇ ಮಾಡ್ತೀನಿ” ಅಂದೆ.

ದೊಡ್ಡಮಾವ ಕೈ ಎತ್ತಿ ತಡೆದ. “ಬೇಡಮ್ಮ. ನಿನಗೆ ಅವಮಾನ ಮಾಡೋಕೆ ನನಗಿಷ್ಟ ಇಲ್ಲ. ಯಾರದೋ ನೋಡಿ ಬರ್ದಿದೀಯ. ಆಗುತ್ತೆ, ಚಿಕ್ಕ ವಯಸ್ಸು. ನಾನು ಯಾರಿಗೂ ಹೇಳಲ್ಲ.”

ಅಬ್ಬಾ, ಎಂಥ ದೊಡ್ಡ ಮನಸ್ಸು! ನಾನು ಮಾಡದ ಕಳ್ಳತನವನ್ನು ನನ್ನ ತಲೆಗೆ ಕಟ್ಟಿ, ತಾನೇ ಕ್ಷಮಿಸಿಯೂಬಿಟ್ಟ. ಅವನ ಕಣ್ಣು ಪದೇ ಪದೇ ಫಲಕದ ಕಡೆ ಹೋಗುತ್ತಿತ್ತು. ಆಗ ನನಗೆ ಅರ್ಥವಾಯಿತು. ನಾನು ಜಾಣೆಯಾದರೆ ಆ ಫಲಕ ಸುಳ್ಳು, ಅವನ ತಾಳ್ಮೆ ಸುಳ್ಳು, ಕನ್ನಡಕ ತೆಗೆದು ಒರೆಸಿಕೊಂಡ ನೀರೂ ಸುಳ್ಳು. ಅದೆಲ್ಲ ಸುಳ್ಳಾಗುವುದಕ್ಕಿಂತ ನಾನೊಬ್ಬಳು ಕಳ್ಳಿಯಾಗುವುದು ಅವನಿಗೆ ಹಗುರ.

ಕುರ್ಚಿ ಗುಂಡನಿಗೆ ಸಿಕ್ಕಿತು. ಪರೀಕ್ಷೆಯಲ್ಲಿ ಅವನು ಹೇಗೋ ಎರಡನೆಯವನಾಗಿದ್ದ, ನಾನು ಹೇಳಿಕೊಟ್ಟದ್ದು ನೀರಿಗೆ ಹೋಗಿರಲಿಲ್ಲ. ಅವನು ಮೌಸ್ ಹಿಡಿಯಲು ಒದ್ದಾಡುವುದನ್ನು ಮೇಲಿನವರು ಯಾರೂ ನೋಡಿರಲಿಲ್ಲ. “ಈ ಹುಡುಗನಿಗೆ ಯಾರ ಸಹಾಯವೂ ಬೇಕಾಗಿಲ್ಲ, ಸ್ವಂತ ಪ್ರತಿಭೆ” ಎಂದನಂತೆ ದೊಡ್ಡಮಾವ. ಶೌಚಾಲಯದಲ್ಲಿ ಕೂತು ಸಂಪಾದಿಸಿದ ಪ್ರತಿಭೆ! ಗುಂಡ ನನ್ನ ಮುಂದೆ ಬಂದು ನಿಂತು ಅತ್ತೇಬಿಟ್ಟ. “ಅಕ್ಕಾ, ನಾನು ಬೇಡ ಅಂತೀನಿ” ಅಂದ. ಅವನ ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ. “ಬೇಡ ಅಂದ್ರೆ ಕಪಾಳಕ್ಕೆ ಬಿಡ್ತೀನಿ. ಹೋಗು ಮೇಲೆ” ಅಂದೆ.

ಕರುಣೆ ಮೇಡಂ ನನಗೂ ಒಂದು ದಾರಿ ಹುಡುಕಿದ್ದರು. “ಮುಂದಿನ ತಂಡದಲ್ಲಿ ಇನ್ನೊಂದು ವರ್ಷ ಇರು. ಸ್ವಲ್ಪ ಭತ್ಯೆ ಕೊಡಿಸ್ತೀನಿ. ಸೇವಾ ಗಂಟೆಗೆ ನಿನ್ನಷ್ಟು ಚೆನ್ನಾಗಿ ಹೊಂದಿಕೊಳ್ಳೋರು ಯಾರೂ ಇಲ್ಲಮ್ಮ. ಮುಂದಿನ ಸಲ ಕುರ್ಚಿ ನಿನ್ದೇ, ನಾನು ಮಾತಾಡ್ತೀನಿ.”

ಅವರ ಮುಖಕ್ಕೆ ಉಗಿದು ಬರಬೇಕಿತ್ತು. ಬರಲಿಲ್ಲ. ಕುರ್ಚಿ ಎಂಬ ಮಾತು ಕೇಳಿದರೆ ನನ್ನ ರೋಷವೆಲ್ಲ ಬಾಲ ಮಡಚಿಕೊಳ್ಳುತ್ತಿತ್ತು. ಮನೆಗೆ ಬಂದು ಹೇಳಿದಾಗ ಅಮ್ಮ ಕಂಪನಿಯವರ ಏಳು ತಲೆಮಾರನ್ನು ಬೈದು ಬಾಯಾರಿಸಿಕೊಂಡು ನೀರು ಕುಡಿದಳು. ಎಣ್ಣೆ ಬಿಟ್ಟ ಬೀಗವನ್ನು ಮತ್ತೆ ಡಬ್ಬಿಯೊಳಗಿಟ್ಟಳು. ಆಮೇಲೆ, “ಇನ್ನೊಂದು ವರ್ಷ ತಾನೇ? ತಡ್ಕೋ. ನನ್ನ ಕೈ ಅಲ್ಲಿವರೆಗೂ ಬರುತ್ತೆ” ಅಂದಳು.

ಹೊಸ ತಂಡ ಬಂತು, ಹೊಸ ಮುಖಗಳು, ಅದೇ ಗಾಜು. ಮೊದಲ ಬುಧವಾರ ಊಟವಾದ ಮೇಲೆ ಕೋಣೆಗೆ ದೊಡ್ಡ ಕ್ಯಾಮೆರಾ ತಂದು ನಿಲ್ಲಿಸಿದರು. ಮೇಡಂ ಬಂದರು, ದೊಡ್ಡಮಾವ ಬಂದ, ಸೂಟು ಹಾಕಿದ ಯಾರ್ಯಾರೋ ಬಂದರು. ಅವರೆಲ್ಲರ ನಡುವೆ ತಲೆ ತಗ್ಗಿಸಿಕೊಂಡು ಬಂದವನು ನಮ್ಮ ಗುಂಡ. ಕುತ್ತಿಗೆಯಲ್ಲಿ ಐಡಿ ಕಾರ್ಡು, ಮೈಮೇಲೆ ‘ಕಲಿಸುವ ಕೈಗಳು’ ಎಂದು ಬರೆದ ಕಾಲರ್ ಟೀ ಶರ್ಟು. ಸೇವಾ ಗಂಟೆಗೆ ಬರುವವರೆಲ್ಲ ಅದನ್ನೇ ಹಾಕಿಕೊಳ್ಳುವುದು. ಅವನೂ ಈಗ ನೌಕರ, ಅವನಿಗೂ ಸೇವೆ ಕಡ್ಡಾಯ.

ದೊಡ್ಡಮಾವ ಅವನ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾಗೆ ಹೇಳಿದ, “ಹೋದ ವರ್ಷ ಇದೇ ಕೋಣೇಲಿದ್ದ ಹುಡುಗ. ಇವತ್ತು ತಾನು ಪಡೆದದ್ದನ್ನ ತಿರುಗಿ ಕೊಡೋಕೆ ಬಂದಿದಾನೆ.” ಆಮೇಲೆ ಅವನನ್ನು ತಂದು ಕೂರಿಸಿದ್ದು ಎಲ್ಲಿ? ನನ್ನ ಎದುರಿಗೆ.

ಗುಂಡನ ಕಿವಿ ಕೆಂಪಾಗಿತ್ತು. ಬಗ್ಗಿ ಹಾಳೆ ಸರಿಮಾಡುವ ನೆಪದಲ್ಲಿ ಪಿಸುಗುಟ್ಟಿದ, “ಅಕ್ಕಾ, ಹೊಟ್ಟೆ ಸರಿ ಇಲ್ಲ ಅಂದೆ. ಬಿಡ್ಲಿಲ್ಲ.”

“ಇರ್ಲಿ, ಶುರು ಮಾಡು.”

“ಇದು... ಇದು ಮೌಸ್” ಎಂದ ಗಟ್ಟಿಯಾಗಿ.

“ಅದನ್ನೂ ಹೇಳು, ಅದನ್ನೂ ಹೇಳು!” ಎಂದು ಹಿಂದಿನಿಂದ ದೊಡ್ಡಮಾವ ಹುರಿದುಂಬಿಸಿದ.

“ಹೆದರ್ಬೇಡಿ” ಎಂದ ಗುಂಡ. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. “ಕಚ್ಚಲ್ಲ.”

ಎಲ್ಲರೂ ನಕ್ಕರು. ನಾನೂ ನಗಬೇಕೆಂದು ಬಾಯಿಯ ಹತ್ತಿರ ಕೈ ತಂದೆ. ಆಗ ಗುಂಡನ ತೋಳು ಕಣ್ಣಿಗೆ ಬಿತ್ತು. ಕಂಪನಿಯ ಟೀ ಶರ್ಟುಗಳೆಲ್ಲ ಇಸ್ತ್ರಿಗೆ ಬರುವುದು ನಮ್ಮಂಗಡಿಗೇ. ತೋಳಿನ ಮೇಲಿನ ಇಸ್ತ್ರಿಯ ಗೆರೆ ಭುಜದಿಂದ ಹೊರಟು, ನಡುವೆ ದಾರಿ ತಪ್ಪಿ, ಸೊಟ್ಟಗೆ ಹೋಗಿ ಅಂಚಿನಲ್ಲಿ ಎರಡಾಗಿತ್ತು. ನಮ್ಮಮ್ಮ ಬದುಕಿನಲ್ಲಿ ಸೊಟ್ಟ ಗೆರೆ ಎಳೆದವಳಲ್ಲ. ಜ್ವರ ಬಂದಾಗಲೂ, ಅಪ್ಪ ಹೋದ ವಾರವೂ ಅವಳ ಗೆರೆ ದಾರ ಹಿಡಿದ ಹಾಗೆ ಇರುತ್ತಿತ್ತು. ಆ ಕೈ ಇನ್ನೊಂದು ವರ್ಷ ಬರುವುದಿಲ್ಲ ಎಂದು ನನಗೆ ಅಲ್ಲೇ ತಿಳಿಯಿತು. ಇನ್ನೊಂದೂ ತಿಳಿಯಿತು: ಮುಂದಿನ ಸಲವೂ ಕುರ್ಚಿ ಕೊಡುವವನು ನನಗೆ ಮೌಸ್ ಕಲಿಸಿದವನೇ ಆಗಿರುತ್ತಾನೆ.

“ಗೊತ್ತು” ಅಂದೆ.

“ಏನಂದೆ?” ಎಂದರು ಮೇಡಂ, ತಲೆ ವಾಲಿಸುವುದನ್ನು ಮರೆತು.

“ಗೊತ್ತು ಅಂದೆ. ಇದು ಮೌಸ್ ಅಂತ ಗೊತ್ತು. ಎಲ್ಲಿ ಒತ್ತಿದ್ರೆ ಏನಾಗುತ್ತೆ ಅಂತ ಗೊತ್ತು. ನಿಮ್ಮ ಪ್ರೋಗ್ರಾಮುಗಳಲ್ಲಿ ಹುಳುಕು ಹೇಗೆ ಹುಡುಕೋದು ಅಂತಾನೂ ಗೊತ್ತು. ಹೋದ ವರ್ಷವೇ ಗೊತ್ತಿತ್ತು. ಈ ಗುಂಡನಿಗೆ ಹೇಳಿಕೊಟ್ಟೋಳೂ ನಾನೇ.”

ಗುಂಡ ಎದ್ದು ನಿಂತ. ಒಳ್ಳೆಯ ಹುಡುಗ, ಅವನ ಬಗ್ಗೆ ಯಾರೂ ಕೆಟ್ಟ ಮಾತು ಆಡಬಾರದು. “ಹೌದು ಸರ್, ಅಕ್ಕನೇ ಹೇಳ್ಕೊಟ್ಟಿ‌ದ್ದು” ಎಂದ, ಕ್ಯಾಮೆರಾ ನೋಡಿಕೊಂಡೇ.

ಸೂಟಿನವರು ಒಬ್ಬರ ಮುಖ ಒಬ್ಬರು ನೋಡಿದರು. ಇವತ್ತು ಇವರ ಬಣ್ಣ ಬಯಲಾಯಿತು ಎಂದುಕೊಂಡೆ. ಅಷ್ಟರಲ್ಲಿ ದೊಡ್ಡಮಾವ ಚಪ್ಪಾಳೆ ತಟ್ಟಿದ.

“ನೋಡಿದ್ರಾ! ನೋಡಿದ್ರಾ ಆತ್ಮವಿಶ್ವಾಸ! ಬಂದಾಗ ಬಾಯೇ ಬಿಡ್ತಿರ್ಲಿಲ್ಲ ಈ ಹುಡುಗಿ. ಮತ್ತೆ ಈ ಹುಡುಗನ ವಿನಯ ನೋಡಿ! ಇದೇ ಸಾರ್ ನಮ್ಮ ತರಬೇತಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸ ತಂಡದವರೂ, ಯಾಕೆಂದು ತಿಳಿಯದೆ, ತಟ್ಟಿದರು. ಕರುಣೆ ಮೇಡಂ ಕಣ್ಣೊರೆಸಿಕೊಂಡರು. ಕ್ಯಾಮೆರಾದವನು ನನ್ನ ಕಡೆ ತಿರುಗಿ, “ಆ ‘ಗೊತ್ತು’ ಅಂದಿದ್ದು ಇನ್ನೊಂದ್ಸಲ ಹೇಳಿ ಮೇಡಂ, ಮುಖ ಸರಿಯಾಗಿ ಬರ್ಲಿಲ್ಲ” ಎಂದ. ಥೂ! ಕಲ್ಲು ಬೀಸಿದರೆ ಅದನ್ನೂ ಹಿಡಿದು ಒರೆಸಿ ಷೋಕೇಸಿನಲ್ಲಿ ಇಡುವ ಜನ. ಇವರಿಗೆ ಎಲ್ಲಿಂದ ಹೊಡೆಯುವುದು?

ನನ್ನ ತರಬೇತಿಯ ಐಡಿ ಕಾರ್ಡು ತೆಗೆದು ಮೌಸ್ ಪಕ್ಕ ಇಟ್ಟು ಹೊರಗೆ ನಡೆದೆ. ಬಾಗಿಲು ಮುಚ್ಚುವಾಗಲೂ ಚಪ್ಪಾಳೆ ಕೇಳಿಸುತ್ತಿತ್ತು.

ಅಂಗಡಿಯಲ್ಲಿ ಅಮ್ಮ ನಿಂತಿದ್ದಳು. ಮಣಿಕಟ್ಟಿಗೆ ಸುತ್ತಿದ ಬಟ್ಟೆ ಬೆಳಿಗ್ಗೆಗಿಂತ ದಪ್ಪವಾಗಿತ್ತು. ಮೇಜಿನ ಮೇಲೆ ‘ಕಲಿಸುವ ಕೈಗಳು’ ರಾಶಿ ಬಿದ್ದಿತ್ತು.

“ಯಾಕೆ ಇಷ್ಟು ಬೇಗ?”

“ಬಿಟ್ಟೆ.” ಆದದ್ದೆಲ್ಲ ಹೇಳಿದೆ. ಸೊಟ್ಟ ಗೆರೆಯ ವಿಷಯ ಹೇಳಬಾರದೆಂದಿದ್ದೆ, ಅದೂ ಬಾಯಿಂದ ಬಂದೇಬಿಟ್ಟಿತು. ಅಮ್ಮ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಪೆಟ್ಟಿಗೆ ಕೊಡಿಲ್ಲಿ” ಅಂದೆ. “ಹೇಗೆ ಹಿಡಿಯೋದು ಹೇಳ್ಕೊಡು. ಇದು ನನಗೆ ನಿಜವಾಗ್ಲೂ ಗೊತ್ತಿಲ್ಲ.”

“ಕೊಡಲ್ಲ.”

“ಅಮ್ಮಾ, ನಿನ್ನ ಕೈ ನೋಡ್ಕೋ!”

“ನೋಡ್ಕೊಂಡಿದೀನಿ.” ಅವಳು ಪೆಟ್ಟಿಗೆಯನ್ನು ನನ್ನಿಂದ ದೂರಕ್ಕೆ ಸರಿಸಿದಳು. ನಾನು ಹಿಡಿಯನ್ನು ಹಿಡಿದೆ, ಅವಳು ನನ್ನ ಕೈಗೆ ಪಟ್ಟನೆ ಹೊಡೆದಳು. ಹೊಡೆದದ್ದು ಅವಳಿಗೇ ನೋವಾಗಿ ಮುಖ ಕಿವುಚಿದಳು. “ದೊಡ್ಡವರ ಮುಂದೆ ದಡ್ಡಿ ಥರ ಇರು ಅಂತ ಹೇಳ್ಕೊಟ್ಟೋಳು ಯಾರು? ನಾನು. ಅದೊಂದು ಹೇಳ್ಕೊಟ್ಟು ನಿನ್ನ ಬಾಳು ಹಾಳು ಮಾಡಿದ್ದು ಸಾಕು. ಇದನ್ನೂ ಹೇಳ್ಕೊಡಲ್ಲ.”

“ಮತ್ತೆ ನಾನೇನ್ ಮಾಡ್ಲಿ?”

“ನಾಳೆ ಬೆಳಿಗ್ಗೆ ಎದ್ದು ಬೇರೆ ಕಡೆ ಹೋಗು. ಎಲ್ಲಾದ್ರೂ ಹೋಗು. ಒಳಗೆ ಕಾಲಿಡ್ತಿದ್ದ ಹಾಗೇ ಹೇಳು, ಗೊತ್ತು ಅಂತ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಅಮ್ಮ ಸಮಾಧಾನ ಮಾಡಲು ಬರಲಿಲ್ಲ, ಅವಳಿಗೆ ಕೆಲಸವಿತ್ತು. ಒಂದು ಟೀ ಶರ್ಟು ಎಳೆದು ಮೇಜಿನ ಮೇಲೆ ಹರಡಿದಳು. ಬಲಗೈಯಿಂದ ಎತ್ತಲು ಹೋಗಿ, ಆಗದೆ, ಪೆಟ್ಟಿಗೆಯನ್ನು ಎಡಗೈಗೆ ತೆಗೆದುಕೊಂಡಳು. ಎಡಗೈಗೆ ಆ ಕೆಲಸ ಬರುತ್ತಿರಲಿಲ್ಲ. ಅವಳು ಅದಕ್ಕೆ ಮೊದಲಿನಿಂದ ಕಲಿಸತೊಡಗಿದಳು.